ವರೋಶಾ: ಅಡವಿಟ್ಟ ಊರನ್ನು ಬಿಡಿಸಿಕೊಳ್ಳುವ ಲೆಕ್ಕ

ಸಮುದ್ರದ ದಂಡೆಯಲ್ಲಿ ಹತ್ತಂತಸ್ತಿನ ಹೋಟೆಲೊಂದನ್ನು ಕಟ್ಟಿ, ಒಂದು ದಿನ ಬೀಗ ಹಾಕಿ, ಐವತ್ತು ವರ್ಷ ಅತ್ತ ತಲೆ ಹಾಕದಿದ್ದರೆ ಮೊದಲು ಬೀಳುವುದು ಬಾಲ್ಕನಿ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಕಾಪಾಡುವುದು ಸಿಮೆಂಟಿನ ಕ್ಷಾರಗುಣ. ಅದು ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪದರವೊಂದನ್ನು ಕಟ್ಟಿ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ನಿಧಾನವಾಗಿ ಒಳಗಿಳಿದು ಆ ಕ್ಷಾರವನ್ನು ತಿನ್ನುತ್ತದೆ. ಕಡಲ ಗಾಳಿ ಹೊತ್ತು ತರುವ ಉಪ್ಪು ಪದರವನ್ನೇ ಒಡೆಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಜಾಗ ಎಲ್ಲಿಂದ ಬರಬೇಕು? ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ತುಕ್ಕು ಮತ್ತಷ್ಟು ಬಲಿಯುತ್ತದೆ. ಮೂರು ಕಡೆಯಿಂದ ಗಾಳಿಗೆ ಮೈಯೊಡ್ಡಿಕೊಂಡು, ಮುಂದಕ್ಕೆ ಚಾಚಿ ನಿಂತ ತೆಳುವಾದ ಬಾಲ್ಕನಿಯಲ್ಲಿ ಇದೆಲ್ಲ ಬೇಗ ನಡೆಯುತ್ತದೆ.

ಸೈಪ್ರಸ್ ದ್ವೀಪದ ಪೂರ್ವ ತೀರದಲ್ಲಿರುವ ವರೋಶಾದಲ್ಲಿ ಇಂಥ ಹೋಟೆಲುಗಳು ಸಾಲುಗಟ್ಟಿ ನಿಂತಿವೆ. 1974ರ ಆಗಸ್ಟ್ ನಡುವಿನಲ್ಲಿ ಟರ್ಕಿಯ ಸೇನೆ ಹತ್ತಿರವಾಗುತ್ತಿದ್ದಂತೆ ಇಲ್ಲಿನ ಗ್ರೀಕ್ ಸೈಪ್ರಿಯಟ್ ಜನ (ಗ್ರೀಕ್ ಮಾತಾಡುವ ಕ್ರೈಸ್ತ ದ್ವೀಪವಾಸಿಗಳು) ಊರು ಬಿಟ್ಟು ದಕ್ಷಿಣಕ್ಕೆ ಓಡಿದರು. ನಾಲ್ಕು ದಿನ ಕಳೆದರೆ ಗದ್ದಲ ಅಡಗುತ್ತದೆ, ವಾಪಸು ಬರೋಣ ಎಂದುಕೊಂಡು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಟವರೇ ಹೆಚ್ಚು. ಸೇನೆ ಆ ಬಡಾವಣೆಯಲ್ಲಿ ಬೇರೆ ಜನರನ್ನು ತಂದು ಕೂರಿಸಲಿಲ್ಲ. ಸುಮಾರು ಆರು ಚದರ ಕಿಲೋಮೀಟರ್ ಜಾಗಕ್ಕೆ ತಂತಿಬೇಲಿ ಸುತ್ತಿ, ಒಳಗೆ ಬಂದವರಿಗೆ ಗುಂಡು ಎಂದು ಫಲಕ ಹಾಕಿತು. 1977ರಲ್ಲಿ ಅದನ್ನು ನೋಡಿದ ಸ್ವೀಡನ್ನಿನ ಪತ್ರಕರ್ತರೊಬ್ಬರು ರಸ್ತೆಯ ಡಾಂಬರು ಬಿರಿದು ಗಿಡ ಎದ್ದಿದ್ದನ್ನೂ ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆ ಇನ್ನೂ ನೇತಾಡುತ್ತಿದ್ದುದನ್ನೂ ಬರೆದರು. ‘ದೆವ್ವದ ಊರು’ ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು. ಬೆಲೆ ಬಾಳುವ ಸಾಮಾನುಗಳೆಲ್ಲ ಕಾಲಕ್ರಮದಲ್ಲಿ ಖಾಲಿಯಾದವು. ಗೋಡೆ, ಚಾವಣಿ, ಪಾಪಾಸುಕಳ್ಳಿ ಉಳಿದವು. ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತಿವೆ.

ಇಂಥ ಊರನ್ನು ಮತ್ತೆ ಕಟ್ಟುವುದು ಹೇಗೆ ಎಂದು ಕೇಳಿದರೆ ಎಂಜಿನಿಯರ್ ಕೊಡುವ ಉತ್ತರ ಚಿಕ್ಕದು. ಎತ್ತರದ ಕಟ್ಟಡಗಳಲ್ಲಿ ಹೆಚ್ಚಿನವನ್ನು ಕೆಡವಬೇಕು. ಅವು ಇಂದಿನ ಭೂಕಂಪ ನಿಯಮಗಳು ಬರುವ ಮುಂಚೆ ಕಟ್ಟಿದವು, ಅದೂ ಭೂಮಿ ನಡುಗುವ ದ್ವೀಪದಲ್ಲಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ ಎಲ್ಲವೂ ಹೊಸದಾಗಿಯೇ ಆಗಬೇಕು. ಹಣ ಬೇಕು, ವರ್ಷಗಳು ಬೇಕು, ಆದರೆ ಜಗತ್ತಿಗೆ ಗೊತ್ತಿಲ್ಲದ ವಿದ್ಯೆಯೇನೂ ಬೇಡ. ಯುದ್ಧದಲ್ಲಿ ನೆಲಸಮವಾದ ಎಷ್ಟೋ ನಗರಗಳು ಒಂದು ತಲೆಮಾರಿನೊಳಗೆ ಎದ್ದು ನಿಂತಿವೆ. ವರೋಶಾದ ಮೇಲೆ ಬಿದ್ದ ಬಾಂಬುಗಳು ಮಾಡಿದ ಹಾನಿಗಿಂತ ಕಾಯುವಿಕೆ ಮಾಡಿದ ಹಾನಿ ದೊಡ್ಡದು.

ಕಾಯಿಸಿದ್ದು ಏಕೆ? ನನ್ನ ಓದಿನಂತೆ ವರೋಶಾ ಒಂದು ಅಡವಿನ ಒಡವೆ. ಸೇನೆ ಅದನ್ನು ಬಳಸಲಿಲ್ಲ, ಕೊಡಲೂ ಇಲ್ಲ. ಮುಂದೊಂದು ದಿನ ದೊಡ್ಡ ಒಪ್ಪಂದವಾಗುವಾಗ ಬದಲಿಗೆ ಏನಾದರೂ ಪಡೆಯಲು ಕೈಯಲ್ಲಿಟ್ಟುಕೊಂಡಿತು. ಚಿನ್ನವನ್ನು ಅಡವಿಟ್ಟರೆ ಪೆಟ್ಟಿಗೆಯಲ್ಲಿ ಇದ್ದ ಹಾಗೇ ಇರುತ್ತದೆ. ಊರು ಹಾಗಿರುವುದಿಲ್ಲ.

ಕೋಟೆ ಒಂದು ಕಡೆ, ಪೇಟೆ ಒಂದು ಕಡೆ

ವರೋಶಾ ಒಂದು ಪ್ರತ್ಯೇಕ ಊರಲ್ಲ. ಫಾಮಗುಸ್ತಾ ಎಂಬ ನಗರದ ಹೊರಭಾಗ. ವೆನಿಸಿನವರು ಕಟ್ಟಿದ ದಪ್ಪ ಕೋಟೆಗೋಡೆಯ ಆ ನಗರವನ್ನು 1571ರಲ್ಲಿ ಒಟ್ಟೊಮನ್ನರು ಗೆದ್ದರು. ಆಮೇಲೆ ಕ್ರೈಸ್ತರು ಕೋಟೆಯ ಹೊರಗೆ ನೆಲೆಸಬೇಕಾಯಿತು. ಟರ್ಕಿಶ್ ಭಾಷೆಯಲ್ಲಿ ‘ವರೋಷ್’ ಎಂದರೆ ಕೋಟೆಯ ಆಚೆಗಿನ ವಸತಿ. ಹೀಗೆ ಒಳಗೆ ಮುಸ್ಲಿಮರು, ಹೊರಗೆ ಕ್ರೈಸ್ತರು ಎಂಬ ಏರ್ಪಾಡು ನಾಲ್ಕು ಶತಮಾನ ನಡೆಯಿತು. ಹೊರಗಿನವರು ಗಾಳಿಯಂತ್ರದಿಂದ ನೀರೆತ್ತಿ ಕಿತ್ತಳೆ ತೋಟ ಬೆಳೆಸಿದರು. 1960ರ ದಶಕದಲ್ಲಿ ತೋಟಗಳ ಪಕ್ಕದ ಮರಳ ದಂಡೆಯ ಬೆಲೆ ಅವರಿಗೆ ತಿಳಿಯಿತು. 1974ರ ಹೊತ್ತಿಗೆ ಇಲ್ಲಿ 45 ಹೋಟೆಲು, ಸುಮಾರು 10,000 ಹಾಸಿಗೆ. ಎಲಿಜಬೆತ್ ಟೇಲರ್ ಬಂದು ತಂಗುತ್ತಿದ್ದ ಹೋಟೆಲು ಇದೇ ದಂಡೆಯಲ್ಲಿತ್ತು. ಕೋಟೆಯ ಮಗ್ಗುಲಲ್ಲೇ ಆಳದ ಬಂದರು. ದೇಶದ ಸರಕಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಈ ಬಂದರಿನ ಮೂಲಕವೇ ಸಾಗುತ್ತಿತ್ತು. ಇಡೀ ನಗರದ ಜನಸಂಖ್ಯೆ ಆಗ ಸುಮಾರು 39,000. ಅಷ್ಟು ಚಿಕ್ಕ ಊರು ಒಂದು ದೇಶದ ದುಡಿಮೆಯನ್ನು ಅಷ್ಟರಮಟ್ಟಿಗೆ ಹೊತ್ತಿತ್ತು.

ಬಂದರು ಮತ್ತು ಹೋಟೆಲು ಪಕ್ಕಪಕ್ಕದಲ್ಲಿದ್ದವು ಎಂಬುದನ್ನು ನೆನಪಿಟ್ಟುಕೊಳ್ಳಿ. ಈ ಕತೆಯ ಕೀಲಿ ಅಲ್ಲಿದೆ.

ದ್ವೀಪ ಇಬ್ಭಾಗವಾದ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1960ರಲ್ಲಿ ಬ್ರಿಟಿಷರಿಂದ ಬಿಡುಗಡೆಯಾದಾಗ ಅಧ್ಯಕ್ಷ ಗ್ರೀಕ್ ಸೈಪ್ರಿಯಟ್, ಉಪಾಧ್ಯಕ್ಷ ಟರ್ಕಿಶ್ ಸೈಪ್ರಿಯಟ್ (ದ್ವೀಪದ ಟರ್ಕಿಶ್ ಮಾತಾಡುವ ಮುಸ್ಲಿಮರಲ್ಲೊಬ್ಬ), ಸಂಸತ್ತಿನಲ್ಲಿ 70ಕ್ಕೆ 30 ಎಂದು ಸಂವಿಧಾನದಲ್ಲೇ ಪಾಲು ಬರೆದಿಟ್ಟರು. ಮೂರು ವರ್ಷದಲ್ಲಿ ಅದು ಮುರಿದುಬಿತ್ತು. ಮುರಿದ ಕಾರಣಗಳಲ್ಲಿ ಒಂದು, ಕೇಳಿದರೆ ನಂಬುವುದು ಕಷ್ಟ, ಪುರಸಭೆಗಳ ತಕರಾರು: ಫಾಮಗುಸ್ತಾ ಸೇರಿದಂತೆ ಐದು ಪಟ್ಟಣಗಳಲ್ಲಿ ಎರಡು ಸಮುದಾಯಕ್ಕೂ ಬೇರೆ ಬೇರೆ ಪುರಸಭೆ ಇರಬೇಕೆ, ಒಂದೇ ಸಾಕೆ? 1963ರ ಡಿಸೆಂಬರಿನಲ್ಲಿ ರಕ್ತ ಹರಿಯಿತು. ಟರ್ಕಿಶ್ ಸೈಪ್ರಿಯಟರು ಹಳ್ಳಿಗಳನ್ನು ಬಿಟ್ಟು ಕಾವಲಿನ ಕೇರಿಗಳಿಗೆ ಸೇರಿಕೊಂಡರು. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದರ ದಂಡನಾಯಕರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ, ಭಾರತದ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ. 1965ರ ಡಿಸೆಂಬರಿನಲ್ಲಿ ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ರಸ್ತೆಯಿದೆ. ಕೊಡಗಿನವರಿಗೆ ಇದು ಗೊತ್ತಿರಬಹುದು, ಉಳಿದ ಕನ್ನಡಿಗರು ಮರೆತಿದ್ದೇವೆ.

1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ಮಾಡಿಸಿತು. ಐದನೆಯ ದಿನ ಟರ್ಕಿಯ ಸೇನೆ ಇಳಿಯಿತು. ಆಗಸ್ಟ್‌ನ ಎರಡನೆಯ ದಾಳಿಯಲ್ಲಿ ಫಾಮಗುಸ್ತಾ ಬಿತ್ತು. ಅದೇ ಆಗಸ್ಟ್ 14ರಂದು ಫಾಮಗುಸ್ತಾ ಸಮೀಪದ ಮರಾಥಾ, ಸಂತಲಾರಿಸ್, ಅಲೋವಾ ಎಂಬ ಮೂರು ಹಳ್ಳಿಗಳಲ್ಲಿ ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು 126 ಟರ್ಕಿಶ್ ಸೈಪ್ರಿಯಟರನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ವರೋಶಾದ ಕತೆಯನ್ನು ಒಂದೇ ಕಡೆಯ ಕಣ್ಣೀರಿನಿಂದ ಬರೆಯುವವರು ಈ ಹಳ್ಳಿಗಳನ್ನು ಬಿಟ್ಟುಬಿಡುತ್ತಾರೆ. ಆ ವರ್ಷ ಮತ್ತು ಮರುವರ್ಷ ಸುಮಾರು 1,60,000 ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೂ ಸುಮಾರು 45,000 ಟರ್ಕಿಶ್ ಸೈಪ್ರಿಯಟರು ಉತ್ತರಕ್ಕೂ ಹೋದರು. ನಡುವೆ 180 ಕಿಲೋಮೀಟರ್ ಉದ್ದದ, ವಿಶ್ವಸಂಸ್ಥೆ ಕಾಯುವ ಗಡಿಪಟ್ಟಿ. 1983ರಲ್ಲಿ ಉತ್ತರ ಭಾಗ ತಾನೊಂದು ದೇಶ ಎಂದು ಘೋಷಿಸಿಕೊಂಡಿತು. ಅದನ್ನು ಒಪ್ಪಿದ್ದು ಟರ್ಕಿ ಮಾತ್ರ.

ಯಾರ ಹೆಸರಿನಲ್ಲಿ ಖಾತೆ?

ನಮ್ಮಲ್ಲಿ ಒಂದು ಎಕರೆ ಪಿತ್ರಾರ್ಜಿತ ಜಮೀನನ್ನು ನಾಲ್ವರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲು ಎಷ್ಟು ವರ್ಷ ಬೇಕೆಂದು ಓದುಗರಿಗೆ ಹೇಳಬೇಕಿಲ್ಲ. ವರೋಶಾದಲ್ಲಿ ಅದೇ ವ್ಯಾಜ್ಯ ಸಾವಿರಾರು ಮನೆಗಳಿಗೆ, ಅಂಗಡಿಗಳಿಗೆ, ಹೋಟೆಲುಗಳಿಗೆ ಒಟ್ಟಿಗೆ ಬಂದಿದೆ ಎಂದು ಎಣಿಸಿಕೊಳ್ಳಿ. 1974ರಲ್ಲಿ ನಲವತ್ತು ವಯಸ್ಸಿನ ಯಜಮಾನನಾಗಿದ್ದವನು ಇಂದು ಬದುಕಿದ್ದರೆ ತೊಂಬತ್ತು ದಾಟಿದ್ದಾನೆ. ಇಲ್ಲದಿದ್ದರೆ ಆಸ್ತಿ ಮೂವರು ಮಕ್ಕಳಿಗೆ, ಅವರಿಂದ ಏಳು ಮೊಮ್ಮಕ್ಕಳಿಗೆ ಹಂಚಿಹೋಗಿದೆ. ಒಬ್ಬ ಲಂಡನ್ನಿನಲ್ಲಿ, ಒಬ್ಬಳು ಮೆಲ್ಬರ್ನಿನಲ್ಲಿ. ಹತ್ತಂತಸ್ತಿನ ವಸತಿ ಸಮುಚ್ಚಯವನ್ನು ಕೆಡವಿದರೆ ಏಳನೆಯ ಮಹಡಿಯ ಮನೆಯ ಒಡೆಯನಿಗೆ ಉಳಿಯುವುದು ಏನು? ಗಾಳಿಯಲ್ಲಿ ಒಂದು ಚೌಕ. ಅವನಿಗೆ ನೆಲದಲ್ಲಿ ಒಂದು ಪಾಲು ಕೊಡಬೇಕೋ, ಹೊಸ ಕಟ್ಟಡದಲ್ಲಿ ಒಂದು ಮನೆಯೋ, ದುಡ್ಡೋ?

ಇದರ ಮೇಲೆ ಇನ್ನೊಂದು ತಕರಾರು ಕೂತಿದೆ. ಉತ್ತರದ ‘ಎವ್ಕಾಫ್’ ಎಂಬ ಸಂಸ್ಥೆ, ಅಂದರೆ ಅಲ್ಲಿನ ವಕ್ಫ್ ಆಡಳಿತ, ವರೋಶಾದ ನೆಲ ಒಟ್ಟೊಮನ್ ಕಾಲದ ಪಾಷಾಗಳು ಬಿಟ್ಟ ದತ್ತಿಯದು, ದತ್ತಿ ಆಸ್ತಿ ಮಾರಾಟಕ್ಕೆ ಬಾರದು, ಬ್ರಿಟಿಷರ ಕಾಲದಲ್ಲಿ ಖಾಸಗಿಯವರ ಹೆಸರಿಗೆ ಖಾತೆ ಆದದ್ದೇ ತಪ್ಪು ಎನ್ನುತ್ತದೆ. 2005ರಲ್ಲಿ ಉತ್ತರದ ಫಾಮಗುಸ್ತಾ ನ್ಯಾಯಾಲಯ ಈ ವಾದವನ್ನು ಎತ್ತಿಹಿಡಿಯಿತು. ಗ್ರೀಕ್ ಸೈಪ್ರಿಯಟರು ಹೇಳುವುದು ಬೇರೆ: ನೋಂದಾಯಿತ ಹಕ್ಕುಪತ್ರ ನಮ್ಮ ಕೈಯಲ್ಲಿದೆ, 1960ರಲ್ಲಿ ಬ್ರಿಟನ್ ಟರ್ಕಿಶ್ ಸಮುದಾಯಕ್ಕೆ 15 ಲಕ್ಷ ಪೌಂಡ್ ಕೊಟ್ಟು ಹಳೆಯ ಬಾಬ್ತುಗಳನ್ನೆಲ್ಲ ಚುಕ್ತಾ ಮಾಡಿದೆ.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸ್ಟ್ರಾಸ್‌ಬರ್ಗ್‌ನಲ್ಲಿ ಕೂತು ಇದನ್ನು ತನ್ನದೇ ರೀತಿಯಲ್ಲಿ ಬಿಡಿಸಿತು. ವರೋಶಾದಲ್ಲಿ ಮನೆಯಿದ್ದ ಮಹಿಳೆಯೊಬ್ಬರು ಹೂಡಿದ ದಾವೆಯಲ್ಲಿ (ಕ್ಸೆನಿಡಿಸ್-ಅರೆಸ್ಟಿಸ್ ಪ್ರಕರಣ) 2005ರಲ್ಲಿ ಟರ್ಕಿಯನ್ನು ಹೊಣೆ ಮಾಡಿ, 2006ರ ಡಿಸೆಂಬರಿನಲ್ಲಿ 8 ಲಕ್ಷ ಯೂರೊ ಆರ್ಥಿಕ ನಷ್ಟಕ್ಕೆ, 50,000 ಯೂರೊ ಮನಸ್ಸಿಗಾದ ನೋವಿಗೆ ಕೊಡಬೇಕೆಂದು ಹೇಳಿತು. ಗಮನಿಸಬೇಕಾದ್ದು, ಅದು ಆಸ್ತಿಯ ಬೆಲೆಯಲ್ಲ. ಆಸ್ತಿಯನ್ನು ಬಳಸಲು ಬಿಡದಿದ್ದುದಕ್ಕೆ ಕಟ್ಟಿದ ಪರಿಹಾರ. ಒಡೆತನ ಅವರದೇ. ಈ ಹೊತ್ತಿಗೆ ಉತ್ತರದಲ್ಲಿ ಸ್ಥಿರಾಸ್ತಿ ಆಯೋಗವೊಂದು ಹುಟ್ಟಿಕೊಂಡಿತು. ಅರ್ಜಿ ಹಾಕಿದವರಿಗೆ ಮೂರು ದಾರಿ: ಆಸ್ತಿ ವಾಪಸು, ಬದಲಿ ಆಸ್ತಿ, ಇಲ್ಲವೇ ಪರಿಹಾರ. 2010ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಈ ಆಯೋಗವನ್ನು ಸಾಕಷ್ಟು ಒಳ್ಳೆಯ ದಾರಿಯೆಂದು ಒಪ್ಪಿ, ಮೊದಲು ಅಲ್ಲಿಗೆ ಹೋಗಿ ಎಂದಿತು. ಗ್ರೀಕ್ ಸೈಪ್ರಿಯಟರಲ್ಲಿ ಅನೇಕರಿಗೆ ಇದು ನುಂಗಲಾರದ ತುತ್ತು: ತನ್ನ ಮನೆಯನ್ನು ಹಿಡಿದಿಟ್ಟವರ ಕಚೇರಿಯಲ್ಲೇ ಅರ್ಜಿ ಕೊಟ್ಟು ಸರದಿಯಲ್ಲಿ ನಿಲ್ಲಬೇಕು. ದಕ್ಷಿಣದಲ್ಲಿ ಬಿಟ್ಟುಬಂದ ಟರ್ಕಿಶ್ ಸೈಪ್ರಿಯಟ್ ಆಸ್ತಿಗಳು ಅಲ್ಲಿನ ಸರ್ಕಾರದ ಸುಪರ್ದಿಯಲ್ಲಿವೆ. ಆ ಒಡೆಯರಿಗೂ ಇಂಥದೇ ಗೋಳು ಇದೆ.

ನ್ಯಾಯಾಲಯಗಳು ಒಬ್ಬೊಬ್ಬರ ಹಕ್ಕನ್ನು ತೀರ್ಮಾನಿಸಬಲ್ಲವು. ಒಬ್ಬನಿಗೆ ಮನೆ ವಾಪಸು ಸಿಕ್ಕಿತೆಂದೇ ಇಟ್ಟುಕೊಳ್ಳಿ. ನೀರಿಲ್ಲ, ವಿದ್ಯುತ್ ಇಲ್ಲ, ಪಕ್ಕದ ಕಟ್ಟಡ ಯಾವಾಗ ಉರುಳುತ್ತದೋ ಗೊತ್ತಿಲ್ಲ, ಸುತ್ತ ಸೇನೆ. ಅವನು ಅಲ್ಲಿ ಒಬ್ಬನೇ ಏನು ಮಾಡಬೇಕು? ಊರು ಎಂಬುದು ಬಿಡಿ ಬಿಡಿ ಮನೆಗಳ ಮೊತ್ತವಲ್ಲ. ಅದನ್ನು ಒಟ್ಟಿಗೆ ಕಟ್ಟದಿದ್ದರೆ ಕಟ್ಟಲಾಗದು.

ಕೊಟ್ಟು ಪಡೆಯುವ ಪಟ್ಟಿ

ಹಾಗಾದರೆ ಒಪ್ಪಂದಕ್ಕೆ ಯಾರೂ ಯತ್ನಿಸಲಿಲ್ಲವೇ? ಯತ್ನಿಸದೆ ಬಿಟ್ಟ ದಶಕವೇ ಇಲ್ಲ. 1979ರ ಮೇ ತಿಂಗಳಲ್ಲಿ ಎರಡೂ ಕಡೆಯ ನಾಯಕರು ಸಹಿ ಹಾಕಿದ ಹತ್ತು ಅಂಶಗಳ ಒಪ್ಪಂದದಲ್ಲಿ ವರೋಶಾ ಜನರ ವಾಪಸಾತಿಗೆ ಆದ್ಯತೆ ಎಂದೇ ಬರೆದಿದೆ. 1984ರಲ್ಲಿ ಭದ್ರತಾ ಮಂಡಳಿ ತನ್ನ 550ನೆಯ ನಿರ್ಣಯದಲ್ಲಿ, ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರನ್ನು ಅಲ್ಲಿ ನೆಲೆಗೊಳಿಸುವಂತಿಲ್ಲ, ಪ್ರದೇಶವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ಬಿಡಬೇಕು ಎಂದಿತು. ದ್ವೀಪವನ್ನು ಒಂದುಗೂಡಿಸಲು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ 2004ರ ಯೋಜನೆಯಲ್ಲಂತೂ ವರೋಶಾ ಮೊದಲ ಕಂತಿನಲ್ಲೇ, ಕೆಲವು ತಿಂಗಳೊಳಗೆ ವಾಪಸಾಗಬೇಕಿತ್ತು. ಏಪ್ರಿಲ್ 24ರ ಜನಮತಗಣನೆಯಲ್ಲಿ ಟರ್ಕಿಶ್ ಸೈಪ್ರಿಯಟರಲ್ಲಿ ಶೇ 65ರಷ್ಟು ಜನ ಹೌದೆಂದರು, ಗ್ರೀಕ್ ಸೈಪ್ರಿಯಟರಲ್ಲಿ ಶೇ 76ರಷ್ಟು ಜನ ಬೇಡವೆಂದರು. ಒಂದೇ ವಾರದ ನಂತರ ಮೇ 1ರಂದು ಸೈಪ್ರಸ್ ಯುರೋಪ್ ಒಕ್ಕೂಟದ ಸದಸ್ಯನಾಯಿತು. ಬೇಡವೆಂದವರು ಒಕ್ಕೂಟದ ಒಳಗೆ, ಹೌದೆಂದವರು ಹೊರಗೆ. ಉತ್ತರದವರ ಕಹಿಯ ಬಹುಪಾಲು ಆ ವಾರದಲ್ಲಿ ಹುಟ್ಟಿದ್ದು.

ಇವೆಲ್ಲಕ್ಕಿಂತ ನನಗೆ ಕುತೂಹಲದ್ದು 1993ರಲ್ಲಿ ವಿಶ್ವಸಂಸ್ಥೆ ಮುಂದಿಟ್ಟ ಚಿಕ್ಕ ಯೋಜನೆ. ಇಡೀ ದ್ವೀಪದ ಪ್ರಶ್ನೆಯನ್ನು ಪಕ್ಕಕ್ಕಿಡೋಣ, ಎರಡೇ ವಸ್ತುಗಳನ್ನು ಅದಲುಬದಲು ಮಾಡೋಣ ಎಂದಿತು. ಒಂದು, ವರೋಶಾ. ಇನ್ನೊಂದು, ರಾಜಧಾನಿ ನಿಕೋಸಿಯಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅದೂ 1974ರಲ್ಲಿ ಮುಚ್ಚಿ, ಗಡಿಪಟ್ಟಿಯೊಳಗೆ ಸಿಕ್ಕಿ, ವಿಶ್ವಸಂಸ್ಥೆಯ ಕೈಯಲ್ಲಿತ್ತು. ಅದರ ಅಂಗಳದಲ್ಲಿ ಸೈಪ್ರಸ್ ಏರ್‌ವೇಸ್‌ನ ಒಂದು ವಿಮಾನ ಇಂದಿಗೂ ರೆಕ್ಕೆ ಮುರಿದ ಹಕ್ಕಿಯಂತೆ ಕೂತಿದೆ. ಗ್ರೀಕ್ ಸೈಪ್ರಿಯಟರಿಗೆ ಊರು, ಟರ್ಕಿಶ್ ಸೈಪ್ರಿಯಟರಿಗೆ ಟರ್ಕಿಯ ಮೂಲಕ ಹಾಯದೆ ನೇರವಾಗಿ ಹೊರಜಗತ್ತಿಗೆ ಹಾರುವ ದಾರಿ. ಮಾತುಕತೆ ಮುಂದಿನ ವರ್ಷಕ್ಕೆ ಮಗುಚಿಕೊಂಡಿತು.

2006ರಲ್ಲಿ ಯುರೋಪ್ ಒಕ್ಕೂಟದ ಅಧ್ಯಕ್ಷತೆ ವಹಿಸಿದ್ದ ಫಿನ್ಲೆಂಡ್ ಬೇರೆ ಜೋಡಿ ಹುಡುಕಿತು: ವರೋಶಾಕ್ಕೆ ಪ್ರತಿಯಾಗಿ ಫಾಮಗುಸ್ತಾ ಬಂದರು. ಹಿನ್ನೆಲೆ ಹೀಗಿದೆ. 1974ರ ನಂತರ ಸೈಪ್ರಸ್ ಸರ್ಕಾರ ಆ ಬಂದರನ್ನು ಮುಚ್ಚಲಾಗಿದೆ ಎಂದು ಸಾರಿತು. ಅಲ್ಲಿಂದ ಟರ್ಕಿಗೆ ಹಡಗು ಹೋಗುತ್ತದೆ, ಆದರೆ ಸರಕು ಯುರೋಪಿನ ಮಾರುಕಟ್ಟೆಯನ್ನು ನೇರವಾಗಿ ಮುಟ್ಟುವುದು ಕಷ್ಟ. 1994ರಲ್ಲಿ ಯುರೋಪಿನ ನ್ಯಾಯಾಲಯ ಉತ್ತರದ ಅಧಿಕಾರಿಗಳು ಕೊಡುವ ಪ್ರಮಾಣಪತ್ರ ನಡೆಯುವುದಿಲ್ಲ ಎಂದ ಮೇಲೆ ಅಲ್ಲಿನ ನಿಂಬೆ, ಕಿತ್ತಳೆ, ಆಲೂಗಡ್ಡೆಯ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಬಂದರನ್ನು ಯುರೋಪ್ ಒಕ್ಕೂಟದ ಮೇಲ್ವಿಚಾರಣೆಯಲ್ಲಿ ತೆರೆದರೆ ಆ ಗಂಟು ಬಿಚ್ಚುತ್ತದೆ. 2013ರಲ್ಲಿ ಗ್ರೀಕ್ ಸೈಪ್ರಿಯಟ್ ಅಧ್ಯಕ್ಷರೂ ಇದೇ ಜೋಡಿಯನ್ನು, ಕೋಟೆಯೊಳಗಿನ ಹಳೆಯ ನಗರದ ದುರಸ್ತಿಯನ್ನೂ ಸೇರಿಸಿ, ಮತ್ತೆ ಮುಂದಿಟ್ಟರು. ಆಗಲೂ ಆಗಲಿಲ್ಲ. ಉತ್ತರದವರಿಗೆ ಬಂದರು ಸಾಲದು, ವಿಮಾನ ನಿಲ್ದಾಣವೂ ಬೇಕು. ದಕ್ಷಿಣದವರಿಗೆ ವಿಮಾನ ನಿಲ್ದಾಣ ಕೊಟ್ಟರೆ ಉತ್ತರವನ್ನು ದೇಶವೆಂದು ಒಪ್ಪಿದಂತಾಗುತ್ತದೆಂಬ ಭಯ. ‘ಮಾನ್ಯತೆ’ ಎಂಬ ಒಂದು ಪದದ ಹೊಸ್ತಿಲಿಗೆ ತಲೆ ತಾಗಿಸಿಕೊಳ್ಳದೆ ಈ ಮನೆಯೊಳಗೆ ಯಾವ ಯೋಜನೆಯೂ ಹೋಗಿಲ್ಲ.

ಒಂದನ್ನು ಬಿಟ್ಟು.

ಚರಂಡಿಗೆ ಗಡಿ ಗೊತ್ತಿಲ್ಲ

ರಾಜಧಾನಿ ನಿಕೋಸಿಯಾವೂ ಇಬ್ಭಾಗ. 1974ಕ್ಕೆ ಮುಂಚೆ ಅಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಒಳಚರಂಡಿಯ ಕೆಲಸ ಶುರುವಾಗಿತ್ತು. ಗಡಿ ಬಿದ್ದಾಗ ನೋಡಿದರೆ ಕೊಳವೆಗಳ ಹೆಚ್ಚಿನ ಪಾಲು ದಕ್ಷಿಣದಲ್ಲಿ, ಆ ಕೊಳೆನೀರನ್ನು ಶುದ್ಧ ಮಾಡುವ ಘಟಕದ ಜಾಗ ಉತ್ತರದ ಮಿಯಾ ಮಿಲಿಯಾದಲ್ಲಿ. ನೆಲದ ಇಳಿಜಾರೂ ಅತ್ತಲೇ. ದಕ್ಷಿಣದವರಿಗೆ ಘಟಕವಿಲ್ಲದೆ ಕೊಳವೆ ಪ್ರಯೋಜನವಿಲ್ಲ, ಉತ್ತರದವರಿಗೆ ಕೊಳವೆಯಿಲ್ಲದೆ ಘಟಕ ಪ್ರಯೋಜನವಿಲ್ಲ.

1978ರಲ್ಲಿ ಇಬ್ಬರು ಮೇಯರ್‌ಗಳು, ದಕ್ಷಿಣದ ಲೆಲ್ಲೋಸ್ ಡಿಮಿಟ್ರಿಯಾಡಿಸ್ ಮತ್ತು ಉತ್ತರದ ಮುಸ್ತಫಾ ಅಕಿಂಜಿ, ಕೂತು ಮಾತಾಡಿದರು. ಯಾರು ಯಾವ ದೇಶ ಎಂಬ ಪ್ರಶ್ನೆಯನ್ನು ಎತ್ತಲೇ ಇಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನಡುವೆ ನಿಂತಿತು. 1980ರಲ್ಲಿ ಚರಂಡಿ ಹರಿಯತೊಡಗಿತು. ಅದೇ ಇಬ್ಬರು ಮುಂದೆ ಎರಡೂ ಅರ್ಧಗಳಿಗೆ ಸೇರಿ ಒಂದೇ ನಗರ ಯೋಜನೆಯನ್ನೂ ಬರೆಸಿದರು: ನಾಳೆ ಗೋಡೆ ಹೋದರೆ ಈ ರಸ್ತೆ ಆ ರಸ್ತೆಗೆ ಸೇರಬೇಕು, ಆದ್ದರಿಂದ ಈಗಲೇ ಅದಕ್ಕೆ ಅಡ್ಡ ಕಟ್ಟಡ ಬೇಡ ಎಂಬ ಎಣಿಕೆಯಲ್ಲಿ. ಕೋಟೆಯೊಳಗಿನ ಹಳೆಯ ಕೇರಿಗಳನ್ನು ಎರಡೂ ಕಡೆ ಒಟ್ಟೊಟ್ಟಿಗೆ ದುರಸ್ತಿ ಮಾಡಿದ್ದಕ್ಕೆ 2007ರಲ್ಲಿ ಅಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಮಿಯಾ ಮಿಲಿಯಾದಲ್ಲಿ 2014ರಲ್ಲಿ ಹೊಸ ಘಟಕ ಉದ್ಘಾಟನೆಯಾಯಿತು. ಇಷ್ಟು ವರ್ಷ ಎರಡೂ ಕಡೆಯ ನಾಯಕರು ಮಾತು ಬಿಟ್ಟಿದ್ದ ಕಾಲದಲ್ಲೂ ಆ ಕೊಳವೆ ನಿಂತಿಲ್ಲ.

ಇದು ಏಕೆ ನಡೆಯಿತು, ವರೋಶಾ ಏಕೆ ನಡೆಯಲಿಲ್ಲ? ಚರಂಡಿ ಕಟ್ಟಿಕೊಂಡರೆ ನಾಳೆ ಬೆಳಿಗ್ಗೆ ಎರಡೂ ಕಡೆಯವರ ಮೂಗಿಗೆ ನಾತ ಬಡಿಯುತ್ತದೆ. ವರೋಶಾ ಮುಚ್ಚಿದ್ದರೆ ನಾಳೆ ಬೆಳಿಗ್ಗೆ ಯಾರಿಗೂ ಏನೂ ಆಗುವುದಿಲ್ಲ. ಕಳೆದುಕೊಳ್ಳುವುದು ಕಣ್ಣಿಗೆ ಕಾಣದ್ದು. ಅದಕ್ಕಿಂತ ಮುಖ್ಯ, ಚರಂಡಿಯಲ್ಲಿ ಅರ್ಧ ಇವರ ಬಳಿ, ಅರ್ಧ ಅವರ ಬಳಿ ಇತ್ತು. ವರೋಶಾದಲ್ಲಿ ಹಕ್ಕುಪತ್ರ ಒಬ್ಬರದು, ಬೇಲಿಯ ಬೀಗ ಇನ್ನೊಬ್ಬರದು. ಒಬ್ಬರು ಗೆದ್ದರೆ ಇನ್ನೊಬ್ಬರು ಸೋತಂತೆ ಕಾಣುತ್ತದೆ. ಬಂದರನ್ನು ಪಕ್ಕಕ್ಕೆ ಜೋಡಿಸಿದಾಗ ಮಾತ್ರ ಇದಕ್ಕೂ ಎರಡು ಅರ್ಧಗಳು ಸಿಗುತ್ತವೆ. ಮೊದಲೇ ಹೇಳಿದ ಕೀಲಿ ಇದೇ.

ಹೋಟೆಲು ಕೆಡವಲು, ಕಟ್ಟಲು ಬೇಕಾದ ಸಿಮೆಂಟು, ಕಬ್ಬಿಣ, ಯಂತ್ರಗಳು ಇಳಿಯುವುದಕ್ಕೆ ಕೂಗಳತೆಯಲ್ಲಿರುವುದು ಆ ಬಂದರೇ. ಬಂದರಿನ ಕೂಲಿ, ಸುಂಕ, ಲಾರಿ ಬಾಡಿಗೆ ಟರ್ಕಿಶ್ ಸೈಪ್ರಿಯಟರಿಗೆ. ಕಟ್ಟಿದ ಆಸ್ತಿ ಗ್ರೀಕ್ ಸೈಪ್ರಿಯಟರಿಗೆ. ಪ್ರವಾಸಿ ಬೆಳಿಗ್ಗೆ ವರೋಶಾದ ಕಡಲಲ್ಲಿ ಈಜಿ ಸಂಜೆ ಕೋಟೆಯೊಳಗಿನ ಅಂಗಡಿಯಲ್ಲಿ ಊಟ ಮಾಡಿದರೆ ಇಬ್ಬರಿಗೂ. ಎರಡು ಸಮುದಾಯದ ವಾಸ್ತುಶಿಲ್ಪಿಗಳು, ವಿದ್ಯಾರ್ಥಿಗಳು, ಊರಿನ ಜನ ಸೇರಿ ‘ಫಾಮಗುಸ್ತಾ ಇಕೋಸಿಟಿ’ ಎಂಬ ಹೆಸರಿನಲ್ಲಿ 2014ರಲ್ಲಿ ನಕ್ಷೆ ಬರೆದು ನೋಡಿದ್ದೂ ವರೋಶಾ ಒಂದನ್ನೇ ಅಲ್ಲ, ಇಡೀ ಫಾಮಗುಸ್ತಾವನ್ನು ಒಂದೇ ಊರಾಗಿ. ಹಳೆಯ ಕಾಂಕ್ರೀಟಿನ ಕಾಡನ್ನೇ ಮತ್ತೆ ಎಬ್ಬಿಸದೆ ಬಿಸಿಲಿನಿಂದ ವಿದ್ಯುತ್ ಪಡೆದು, ನೀರನ್ನು ಮರುಬಳಸಿ ಬದುಕುವ ಊರು ಕಟ್ಟಬೇಕೆಂಬುದು ಅವರ ಆಸೆ. ಆಮೆಗಳಿಗೆ ಒಂದಿಷ್ಟು ಮರಳು ಬಿಡುವುದೂ ಅದರಲ್ಲಿ ಸೇರಿದರೆ ಚೆನ್ನ.

ಲಾಭ ಹಂಚುವುದು ಕಾಗದದಲ್ಲಿ ಸುಲಭ. ಹಲ್ಲೂಮಿ ಎಂಬ 
ಉಪ್ಪುಗಿಣ್ಣನ್ನು (ಚೀಸ್) ನೋಡಿ. ಎರಡೂ ಕಡೆಯವರ ತಟ್ಟೆಯಲ್ಲೂ ಇರುವ ಗಿಣ್ಣು, ಟರ್ಕಿಶ್‌ನಲ್ಲಿ ಹೆಲ್ಲಿಮ್. 2021ರ ಏಪ್ರಿಲ್‌ನಲ್ಲಿ ಯುರೋಪ್ ಒಕ್ಕೂಟ ಎರಡೂ ಹೆಸರುಗಳನ್ನು ಒಟ್ಟಿಗೆ ನೋಂದಾಯಿಸಿ, ಇಡೀ ದ್ವೀಪದಲ್ಲಿ ಎಲ್ಲಿ ಮಾಡಿದರೂ ಈ ಹೆಸರಿನಲ್ಲಿ ಮಾರಬಹುದು ಎಂದಿತು. ತಪಾಸಣೆ ಯಾರು ಮಾಡಬೇಕೆಂಬ ಜಗಳ ಬಾರದಿರಲೆಂದು ಹೊರಗಿನ ಖಾಸಗಿ ಸಂಸ್ಥೆಯೊಂದಕ್ಕೆ ಆ ಕೆಲಸ ಒಪ್ಪಿಸಿದರು. ಆದರೂ ಉತ್ತರದ ಹೆಲ್ಲಿಮ್ ಗಡಿಪಟ್ಟಿ ದಾಟುವ ಹೊತ್ತಿಗೆ ಹಾಲಿನ ಗುಣಮಟ್ಟ, ದನಗಳ ಆರೋಗ್ಯದ ನಿಯಮ ಎಂದು ತೊಡಕುಗಳು ಬಂದವು. ಗಿಣ್ಣಿಗೇ ಇಷ್ಟು ತಾಪತ್ರಯವಾದರೆ ಊರಿನ ತೆರಿಗೆಗೆ ಎಷ್ಟಿರಬಹುದು! ಆ ತೆರಿಗೆ ಸಂಗ್ರಹಿಸುವ ಪುರಸಭೆ ಒಂದೋ, ಎರಡೋ ಎಂಬ 1963ರ ಪ್ರಶ್ನೆ ಮತ್ತೆ ಬಾಗಿಲು ತಟ್ಟುತ್ತದೆ. ವರೋಶಾ ಮುಚ್ಚಿದ ಮೇಲೆ ದಕ್ಷಿಣದಲ್ಲಿ ಆಯಿಯಾ ನಾಪಾ, ಪ್ರೊಟಾರಸ್ ಎಂಬ ಹೊಸ ಕಡಲೂರುಗಳು ಬೆಳೆದಿವೆ. ಹಳೆಯ ಊರು ಎದ್ದು ಕೂತರೆ ಅಲ್ಲಿನ ಹೋಟೆಲಿನವರಿಗೆ ಖುಷಿಯಾಗುತ್ತದೆಂದು ನಾನಂತೂ ಬಾಜಿ ಕಟ್ಟಲಾರೆ.

ಸೈಕಲ್ ಬಾಡಿಗೆಗೆ ಸಿಗುತ್ತದೆ

2020ರ ಅಕ್ಟೋಬರ್ 8ರಂದು ಉತ್ತರದ ಆಡಳಿತ ಟರ್ಕಿಯ ಬೆಂಬಲದೊಂದಿಗೆ ಬೇಲಿಯ ಒಂದು ಭಾಗ ತೆರೆಯಿತು. ಉತ್ತರದ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿಗೆ ಮೂರೇ ದಿನ ಬಾಕಿ. ಆ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಬೇರೆ ಯಾರೂ ಅಲ್ಲ, 1978ರಲ್ಲಿ ಚರಂಡಿಯ ಮಾತುಕತೆಗೆ ಕೂತಿದ್ದ ಮೇಯರ್ ಮುಸ್ತಫಾ ಅಕಿಂಜಿ. ಗೆದ್ದವರು ಎರಡು ದೇಶಗಳ ವಾದದ ಎರ್ಸಿನ್ ತತಾರ್. ಮುಂದಿನ ಜುಲೈನಲ್ಲಿ, ವರೋಶಾದ ಶೇ 3.5ರಷ್ಟು ಜಾಗವನ್ನು ಸೇನೆಯಿಂದ ಬಿಡಿಸಿ ಒಡೆಯರು ಸ್ಥಿರಾಸ್ತಿ ಆಯೋಗಕ್ಕೆ ಅರ್ಜಿ ಹಾಕಬಹುದು ಎಂದು ಅವರು ಸಾರಿದರು. ಭದ್ರತಾ ಮಂಡಳಿ ಖಂಡಿಸಿತು. ರಸ್ತೆಗೆ ಹೊಸ ಡಾಂಬರು ಬಂತು, ಗೇಟಿನ ಬಳಿ ಸೈಕಲ್ ಬಾಡಿಗೆಗೆ ಬಂತು. ಈಗ ಲಕ್ಷಾಂತರ ಜನ ಹೋಗಿ ಬರುತ್ತಿದ್ದಾರೆ. ಎರಡೂ ಬದಿಯಲ್ಲಿ ಹಗ್ಗ ಕಟ್ಟಿ ‘ಒಳಗೆ ಹೋಗಬೇಡಿ, ಕಟ್ಟಡ ಕುಸಿಯಬಹುದು’ ಎಂದು ಬರೆದಿದೆ. ತನ್ನ ಮನೆಯನ್ನು ಹಗ್ಗದಾಚೆ ನಿಂತು ನೋಡಬೇಕಾದ ಒಡೆಯನೂ ಆ ಗುಂಪಿನಲ್ಲಿ ಇರುತ್ತಾನೆ. ಇದಕ್ಕೆ ಮರುನಿರ್ಮಾಣವೆನ್ನುವುದು ಕಷ್ಟ. ಅಡವಿಟ್ಟವನ ಕಣ್ಣೆದುರೇ ಒಡವೆಯನ್ನು ಪ್ರದರ್ಶನಕ್ಕಿಟ್ಟಂತಿದೆ.

2025ರ ಅಕ್ಟೋಬರಿನಲ್ಲಿ ಉತ್ತರದ ಮತದಾರರು ತತಾರ್ ಅವರನ್ನು ಇಳಿಸಿ, ಒಕ್ಕೂಟ ವ್ಯವಸ್ಥೆಯಲ್ಲಿ ಒಂದಾಗುವ ಮಾತಾಡುವ ತುಫಾನ್ ಎರ್ಹುರ್ಮನ್ ಅವರನ್ನು ದೊಡ್ಡ ಅಂತರದಿಂದ ಆರಿಸಿದರು. ಕೊನೆಯ ಮಾತು ಟರ್ಕಿಯ ರಾಜಧಾನಿ ಅಂಕಾರಾದ್ದೇ ಎಂಬುದನ್ನು ಬಲ್ಲವರು ಬಲ್ಲರು. ಆದರೂ ಮೇಜಿನ ಸುತ್ತ ಕುರ್ಚಿಗಳಂತೂ ಮತ್ತೆ ಬಂದಿವೆ.

ಮಾತು ಶುರುವಾಗುವುದಾದರೆ ಎಲ್ಲಿಂದ? ಫಾಮಗುಸ್ತಾ ಕೋಟೆಯಲ್ಲೇ ಒಂದು ಮಾದರಿ ಇದೆ. ಅಲ್ಲಿನ ‘ಒಥೆಲೊ ಬುರುಜು’ ಕುಸಿಯುವ ಸ್ಥಿತಿಗೆ ಬಂದಾಗ, 2008ರಲ್ಲಿ ರಚನೆಯಾದ ಎರಡೂ ಸಮುದಾಯಗಳ ಪರಂಪರೆ ಸಮಿತಿ ಯುರೋಪ್ ಒಕ್ಕೂಟದ ಹಣದಲ್ಲಿ ಅದನ್ನು ದುರಸ್ತಿ ಮಾಡಿ 2015ರಲ್ಲಿ ತೆರೆಯಿತು. ಬುರುಜು ಯಾರದು ಎಂದು ಸಮಿತಿ ತೀರ್ಮಾನಿಸಲಿಲ್ಲ, ಗೋಡೆ ಎಲ್ಲಿ ಬಿರಿದಿದೆ ಎಂದು ಮಾತ್ರ ನೋಡಿತು. ವರೋಶಾದಲ್ಲೂ ಯಾವ ಕಟ್ಟಡ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬ ಪಟ್ಟಿ ಮೊದಲು ಆಗಬೇಕು. 2019ರಲ್ಲಿ ಉತ್ತರದ ಸರ್ಕಾರ ತಾನೊಬ್ಬನೇ ಅಂಥ ಲೆಕ್ಕಕ್ಕೆ ತಜ್ಞರನ್ನು ಕಳಿಸಲು ತೀರ್ಮಾನಿಸಿತ್ತು. ಆ ಲೆಕ್ಕವನ್ನು ಇನ್ನೊಂದು ಕಡೆಯವರು ನಂಬುವುದಿಲ್ಲ. ಎರಡೂ ಕಡೆಯ ಎಂಜಿನಿಯರುಗಳು ಒಟ್ಟಿಗೆ ಹೋಗಿ ಸುತ್ತಿಗೆಯಿಂದ ಕಂಬ ತಟ್ಟಿ, ಕಾಂಕ್ರೀಟಿನ ಚೂರು ಕೊರೆದು ತೆಗೆದು, ಒಂದೇ ವಹಿಯಲ್ಲಿ ಇಬ್ಬರೂ ಸಹಿ ಹಾಕುವುದಕ್ಕೆ ಯಾವ ದೇಶದ ಮಾನ್ಯತೆಯೂ ಬೇಕಿಲ್ಲ. ಹಾಕಿದ ಸಹಿಯಿಂದ ಯಾರ ಹಕ್ಕೂ ಕರಗುವುದಿಲ್ಲ. ಕೊಳವೆ ಹೂಳುವಾಗ ಇಬ್ಬರು ಮೇಯರ್‌ಗಳು ಮಾಡಿದ್ದೂ ಇಷ್ಟೇ, ಇಳಿಜಾರು ಯಾವ ಕಡೆಗಿದೆ ಎಂದು ಒಟ್ಟಿಗೆ ನೋಡಿದ್ದು.